ಮೆಕ್ಕೆಜೋಳದ ಸುಗ್ಗಿಯಲ್ಲಿ ಒಂದು ಹತ್ತಿಯ ಸ್ವೆಟರ್

ನವರಾತ್ರಿ ಮುಗಿದ ಮೇಲೆ

ತಂಗಿಗೆ ಡಿಸೆಂಬರ್‌ನಲ್ಲಿ ಹೆರಿಗೆ. ಹುಟ್ಟುವ ಕೂಸಿಗೆ ಮುಂದೆ ಗುಂಡಿ ಇರುವ ಸ್ವೆಟರ್ ಒಂದು, ದಾರ ಉಳಿದರೆ ಜೊತೆಗೊಂದು ಕುಲಾವಿ ಹೆಣೆಯಬೇಕೆಂದು ಹೊರಟಿದ್ದೇನೆ. ನಾನು ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಮೆಕ್ಕೆಜೋಳ ಬರಲು ಶುರುವಾಯಿತೆಂದರೆ ತೂಕ, ತೇವಾಂಶ, ಹಮಾಲಿ, ರೈತರ ಪಟ್ಟಿ ಇವುಗಳಲ್ಲೇ ದಿನ ಮುಳುಗುತ್ತದೆ. ರಾತ್ರಿ ಮಲಗಿದರೂ ತಲೆಯೊಳಗೆ ಚೀಲದ ಲೆಕ್ಕ ಓಡುತ್ತಲೇ ಇರುತ್ತದೆ. ಕಡ್ಡಿ ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ನನಗೆ ಗೊತ್ತಿಲ್ಲ. ಬಿಡುವಿದ್ದಾಗ ಹೆಣಿಗೆ ಬರೀ ಹೊತ್ತು ಕಳೆಯುವ ಕೆಲಸ. ಉಸಿರಾಡಲು ಪುರುಸೊತ್ತಿಲ್ಲದಾಗ ಅದೇ ಉಸಿರು.

ಅವ್ವನ ತಕರಾರು ಬೇರೆಯೇ. "ಕೂಸು ಹುಟ್ಟೋಕಿಂತ ಮೊದ್ಲು ಹೊಸ ಬಟ್ಟೆ ಮಾಡಿ ಇಡಬಾರ್ದವ್ವ" ಎಂದಳು. ಒಂದಿಷ್ಟು ಮಾತುಕತೆ ಆದಮೇಲೆ ಅವಳೇ ದಾರಿ ಹೇಳಿದಳು: ಹೆಣಿ, ಆದರೆ ಪೂರ್ತಿ ಮುಗಿಸಬೇಡ.

ದಾರದ ಬಗ್ಗೆ ಸ್ವಲ್ಪ ಹೆಚ್ಚೇ ಯೋಚಿಸಿದೆ. ನಮ್ಮ ಅಂಗಡಿಗಳಲ್ಲಿ 'ಉಲ್ಲನ್' ಎಂದು ಸಿಗುವುದರಲ್ಲಿ ಬಹುಪಾಲು ಅಕ್ರಿಲಿಕ್. ತೊಳೆಯಲು ಸುಲಭ, ಬಣ್ಣವೂ ಚೆಂದ. ಆದರೆ ಬಾಣಂತಿ ಕೋಣೆಯಲ್ಲಿ ಕೂಸಿಗೆ ಎರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುವುದು ಇನ್ನೂ ನಮ್ಮ ಮನೆಯಲ್ಲಿದೆ. ಅಕ್ರಿಲಿಕ್ಕಿಗೆ ಕಿಡಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ. ಹಾಗಾಗಿ ಅದು ಬೇಡವೆಂದೆ. ಹತ್ತಿಯೂ ಉರಿಯುತ್ತದೆ, ಅದನ್ನು ತೊಡಿಸಿದರೂ ಕೂಸನ್ನು ಕೆಂಡದಿಂದ ದೂರವೇ ಹಿಡಿಯಬೇಕು. ಆದರೆ ಕರಗಿ ಅಂಟುವ ಭಯ ಇಲ್ಲ. ಮೇಲಾಗಿ ಎಣ್ಣೆ ಹಚ್ಚಿದ ಮೈಯ ಬಟ್ಟೆ ಜಿಡ್ಡಾಗುತ್ತದೆ, ಹತ್ತಿಯಾದರೆ ಬಿಸಿನೀರಿನಲ್ಲಿ ಧೈರ್ಯವಾಗಿ ಒಗೆಯಬಹುದು. ನಮ್ಮೂರಿನ ಡಿಸೆಂಬರ್ ಚಳಿಗೆ ಹತ್ತಿಯೇ ಸಾಕು.

ಚೌಕಿಪೇಟೆಯಲ್ಲಿ ನಾಲ್ಕೆಳೆ ಹತ್ತಿ ದಾರ, ಎಳೆ ಹಸಿರು ಬಣ್ಣದ್ದು, 200 ಗ್ರಾಂ ತಂದೆ. ಎಲ್ಲ ಉಂಡೆಗಳ ಚೀಟಿಯಲ್ಲೂ ಒಂದೇ ಲಾಟ್ ನಂಬರ್ ಇದೆಯೇ ಎಂದು ನೋಡಿಯೇ ತಂದದ್ದು. ಲಾಟ್ ಬದಲಾದರೆ ಅದೇ ಹಸಿರು ಬಿಸಿಲಿಗೆ ಹಿಡಿದಾಗ ಬೇರೆ ಹಸಿರಾಗಿ ಕಾಣುತ್ತದೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ಊರು ನಮ್ಮದು. ಈಗ ಹತ್ತಿ ದಾರದ ಚೀಟಿ ತಿರುಗಿಸಿದರೆ ಬೇರೆ ಊರಿನ ಹೆಸರು. ಓದಿದಾಗ ಸಂಕಟವಾಯಿತು.

ಮಾದರಿ ತುಂಡು

10ನೇ ನಂಬರ್ ಕಡ್ಡಿ ತೆಗೆದುಕೊಂಡೆ, ಅಂದರೆ 3.25 ಮಿ.ಮೀ. ಹೊಸದಾಗಿ ಕಲಿಯುವವರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ: ನಮ್ಮಲ್ಲಿ ಇನ್ನೂ ನಡೆಯುವ ಈ ಹಳೇ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಎಂದರೆ 4 ಮಿ.ಮೀ.

ಅಂಗೈಗಿಂತ ದೊಡ್ಡ ಮಾದರಿ ತುಂಡು ಹೆಣೆದು, ಒಗೆದು, ಒಣಗಿಸಿ ಆಮೇಲೆ ಅಳೆದೆ. ಒಗೆದಾಗ ಹತ್ತಿಯ ಅಳತೆ ಬದಲಾಗುತ್ತದೆ, ಒಗೆಯುವ ಮುಂಚಿನ ಅಳತೆ ನಂಬುವಂತಿಲ್ಲ. 10 ಸೆಂ.ಮೀ. ಅಗಲಕ್ಕೆ 28 ಕುಣಿಕೆ, 10 ಸೆಂ.ಮೀ. ಉದ್ದಕ್ಕೆ 36 ಸಾಲು ಬಂತು.

ದೀಪಾವಳಿ ಆಸುಪಾಸು

ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವ ರಾಗ್ಲಾನ್ ಇದು, ಅಂದರೆ ತೋಳು ಕೂಡುವ ಗೆರೆ ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ ಬಗೆ, ಭುಜಕ್ಕೆ ಪ್ರತ್ಯೇಕ ಹೊಲಿಗೆಯೇ ಇರುವುದಿಲ್ಲ. 72 ಕುಣಿಕೆ ಏರಿಸಿ ಹೀಗೆ ಹಂಚಿದೆ: ಮುಂಭಾಗದ ಎರಡು ಪಟ್ಟಿಗೆ ಹನ್ನೆರಡು ಹನ್ನೆರಡು, ತೋಳಿಗೂ ಹನ್ನೆರಡು ಹನ್ನೆರಡು, ಬೆನ್ನಿಗೆ 24. ಇವು ಕೂಡುವ ನಾಲ್ಕು ಗೆರೆಗಳ ಎರಡೂ ಬದಿಗೆ ಸೀದಾ ಸಾಲಿನಲ್ಲಿ (ಬಟ್ಟೆಯ ಹೊರಮುಖ ನಮ್ಮ ಕಡೆಗಿರುವ ಸಾಲು) ಒಂದೊಂದು ಕುಣಿಕೆ ಹೆಚ್ಚಿಸಬೇಕು, ಒಟ್ಟು ಎಂಟು. ಉಲ್ಟಾ ಸಾಲಿನಲ್ಲಿ ಏನೂ ಹೆಚ್ಚಿಸದೆ ಸುಮ್ಮನೆ ವಾಪಸ್ಸು.

ಹೆಚ್ಚಿಸುವ ಬಗೆ ಮುಖ್ಯ. ಕಡ್ಡಿಗೆ ದಾರ ಸುತ್ತಿ ಹೆಚ್ಚಿಸಿದರೆ ಸಾಲಾಗಿ ತೂತು ಬೀಳುತ್ತದೆ, ನೋಡಲು ಸೊಗಸು. ಆದರೆ ಕೂಸಿನ ಬೆರಳು ತೂತಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಎರಡು ಕುಣಿಕೆಗಳ ನಡುವೆ ಅಡ್ಡ ಮಲಗಿರುವ ಎಳೆಯನ್ನು ಎಡಗೈ ಕಡ್ಡಿಗೆ ಎತ್ತಿಕೊಂಡು, ಹಿಂಬದಿಯಿಂದ ತಿರುಚಿ ಹೆಣೆಯುತ್ತಿದ್ದೇನೆ. ತೂತು ಮುಚ್ಚಿಹೋಗುತ್ತದೆ. ಹತ್ತಿಗೆ ಉಣ್ಣೆಯ ಹಾಗೆ ಎಳೆತ ಇಲ್ಲವಾದ್ದರಿಂದ ಆ ಎಳೆ ಮೇಲೆ ಬರಲು ಸ್ವಲ್ಪ ಮೊಂಡಾಟ ಮಾಡುತ್ತದೆ, ಕಡ್ಡಿಯ ತುದಿಯಿಂದಲೇ ಮೆಲ್ಲಗೆ ಬಿಡಿಸಿಕೊಳ್ಳಬೇಕು. ಆ ಒಂದು ಕ್ಷಣ ಬೇರೆ ಯಾವುದೂ ತಲೆಗೆ ಬರುವುದಿಲ್ಲ. ಲಾರಿಯೂ ಇಲ್ಲ, ಚೀಲವೂ ಇಲ್ಲ.

ಸುಗ್ಗಿ ಕಾಲಕ್ಕೆ ಬೇಕೆಂದೇ ಸಾದಾ ಹೆಣಿಗೆ ಆರಿಸಿದೆ. ಜಡೆಯ ವಿನ್ಯಾಸ, ಎಲೆಯ ವಿನ್ಯಾಸ ಎಲ್ಲ ನನಗೂ ಇಷ್ಟ. ಆದರೆ ಅವಕ್ಕೆ ನಕ್ಷೆ ನೋಡಬೇಕು, ದಣಿದ ತಲೆಗೆ ಅದು ಇನ್ನೊಂದು ಲೆಕ್ಕಪುಸ್ತಕ. ಇದರಲ್ಲಿ ಸಾಲು ಮುಗಿದಲ್ಲಿ ಬಿಡಬಹುದು, ಮತ್ತೆ ಹಿಡಿದಾಗ ಎಲ್ಲಿದ್ದೆ ಎಂದು ಬಟ್ಟೆಯೇ ಹೇಳುತ್ತದೆ. ಕೆಲವು ದಿನ ಮಧ್ಯಾಹ್ನದ ಬುತ್ತಿ ಮುಗಿಸಿ, ಕೈಯ ಜೋಳದ ಧೂಳು ತೊಳೆದು ಕೂತರೆ ಒಂದೇ ಸಾಲು ಸಾಗುತ್ತದೆ. ಅಷ್ಟಕ್ಕೇ ಭುಜ ಇಳಿದು, ಕಚ್ಚಿಕೊಂಡ ಹಲ್ಲು ಸಡಿಲಾಗುತ್ತದೆ. ಅಂಗಡಿಯ ಹಿರಿಯ ಹಮಾಲರೊಬ್ಬರು ಹಾದುಹೋಗುವಾಗ "ಅಕ್ಕಾರೆ, ಇವತ್ತು ಎಷ್ಟು ಬೆಳೀತು?" ಎಂದು ಕೇಳುತ್ತಾರೆ. ಎತ್ತಿ ತೋರಿಸುತ್ತೇನೆ.

ಇದು ನನ್ನೊಬ್ಬಳ ಅನುಭವವಲ್ಲ. 2013ರಲ್ಲಿ ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳ ಮೂಲಕ ಕೊಡುವ ಚಿಕಿತ್ಸೆ) ಪತ್ರಿಕೆಯೊಂದರಲ್ಲಿ ಹಲವು ದೇಶಗಳ 3,545 ಹೆಣಿಗೆಯವರ ಸಮೀಕ್ಷೆ ಬಂದಿತ್ತು. ಮೇಲಿಂದ ಮೇಲೆ ಹೆಣೆಯುವವರು ಶಾಂತಿ, ಸಂತೋಷ ಹೆಚ್ಚೆಂದು ಹೇಳಿದ್ದರು. ಅವರೇ ಹೇಳಿಕೊಂಡ ಮಾತು ಅದು, ಮದ್ದಿನ ಪರೀಕ್ಷೆಯಂತಲ್ಲ. ಆದರೂ ನನಗೆ ಅದಕ್ಕಿಂತ ಗಟ್ಟಿ ಸಾಕ್ಷಿ ನಮ್ಮ ಪಕ್ಕದ ಚಳ್ಳಕೆರೆ ಸೀಮೆಯ ಕುರಿಗಾರರು. ಕುರಿ ಹಿಂದೆ ನಡೆಯುತ್ತಲೇ ಕದಿರು ತಿರುಗಿಸಿ ಕಂಬಳಿಗೆ ಉಣ್ಣೆ ನೂಲುವವರು ಅವರು. ಕಣ್ಣು ಹಿಂಡಿನ ಮೇಲೆ, ಕೈ ಎಳೆಯ ಮೇಲೆ. ಚಿಕ್ಕವಳಿದ್ದಾಗ ಬಸ್ಸಿನ ಕಿಟಕಿಯಿಂದ ಅವರನ್ನು ನೋಡಿದ್ದೇನೆ. ಆ ನಡಿಗೆಯಲ್ಲಿ ಗಡಿಬಿಡಿ ಇರಲಿಲ್ಲ. ಆ ಉಣ್ಣೆ ಕೂಸಿನ ಮೈಗೆ ಒರಟು, ಇಲ್ಲದಿದ್ದರೆ ಅದನ್ನೇ ತರುತ್ತಿದ್ದೆ.

ಈಗ ಎಲ್ಲಿಗೆ ಬಂತು

ಹದಿನೆಂಟು ಸಲ ಹೆಚ್ಚಿಸಿ 216 ಕುಣಿಕೆಗೆ ಮುಟ್ಟಿದೆ. ತೋಳಿನ 48, 48 ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿ ಪಕ್ಕಕ್ಕಿಟ್ಟೆ. ಕಂಕುಳಿಗೆ ನಾಲ್ಕು ನಾಲ್ಕು ಸೇರಿಸಿದ್ದರಿಂದ ಮೈಗೆ ಈಗ 128 ಕುಣಿಕೆ, ಎದೆ ಸುತ್ತಳತೆ ಹತ್ತಿರ ಹತ್ತಿರ 46 ಸೆಂ.ಮೀ. ಹುಟ್ಟಿದ ಕೂಸಿಗೆ ಸಡಿಲ, ಬೇಸಿಗೆ ಬರುವವರೆಗೂ ಆಗುತ್ತದೆ. ಮೈಯ ಉದ್ದ ಅರ್ಧದಷ್ಟು ಹೆಣೆದಾಗಿದೆ. ಜೋಳದ ಆವಕ ಇನ್ನೂ ತಗ್ಗಿಲ್ಲ, ಆದ್ದರಿಂದ ಸ್ವೆಟರ್ ಚೀಲದಲ್ಲೇ ಓಡಾಡುತ್ತಿದೆ.

ಮುಂದೆ ಅಂಚಿಗೆ ಒಂದು ಕುಣಿಕೆ ಸೀದಾ, ಒಂದು ಕುಣಿಕೆ ಉಲ್ಟಾ ಹೆಣೆದ ಪಟ್ಟಿ, ಆಮೇಲೆ ತೋಳು. ಗುಂಡಿಪಟ್ಟಿಯನ್ನೂ ಹೆಣೆದುಬಿಡುತ್ತೇನೆ. ಗುಂಡಿಗಳನ್ನು ಮಾತ್ರ ಹೆರಿಗೆ ಆದಮೇಲೆ ತಂದು ಹೊಲಿಯುವುದೆಂದು ಅವ್ವನಿಗೆ ಮಾತು ಕೊಟ್ಟಿದ್ದೇನೆ. ತಂಗಿಗೆ ಮರದ ಗುಂಡಿ ಬೇಕಂತೆ.