ಗೊರಬಲು ಯಾಕೆ ದಪ್ಪ ಆಯ್ತು?

ನಮ್ ವೆಬ್ ಪ್ರೋಗ್ರಾಮರುಗಳ ಫೀಲ್ಡಲ್ಲಿ ಪೈ ಚಾರ್ಟ್, ಅದೇ ಒಂದು ರೌಂಡನ್ನ ತುಂಡು ಮಾಡಿ ಪಾಲು ತೋರಿಸೋ ಚಿತ್ರ, ಅಂದ್ರೆ ಒಂಥರ ತಾತ್ಸಾರ. ಡ್ಯಾಶ್‌ಬೋರ್ಡ್ ಮಾಡೋರ ಮುಂದೆ ಪೈ ಹಾಕೋಣ ಅಂತ ಬಾಯ್ಬಿಟ್ರೆ ಸಾಕು, ಬಾರ್ (ಕಂಬದ ಚಾರ್ಟ್) ಹಾಕಿ ಸಾರ್, ಕಣ್ಣಿಗೆ ಕೋನ ಅಳೆಯಕ್ಕೆ ಬರಲ್ಲ ಅಂತ ಪಾಠ ಶುರು. ಅದೇನು ಸುಳ್ಳಲ್ಲ, 1984ರಲ್ಲೇ ಕ್ಲೀವ್‌ಲ್ಯಾಂಡ್ ಮತ್ತೆ ಮೆಕ್‌ಗಿಲ್ ಅನ್ನೋ ಇಬ್ರು ಅಮೆರಿಕದಲ್ಲಿ ಜನರ ಮೇಲೆ ಟೆಸ್ಟ್ ಮಾಡಿ, ಒಂದೇ ಗೆರೆ ಮೇಲೆ ನಿಂತಿರೋದನ್ನ ಹೋಲಿಸೋದು ಸಲೀಸು, ಕೋನ ಹೋಲಿಸೋದ್ರಲ್ಲಿ ಜನ ಎಡವ್ತಾರೆ ಅಂತ ತೋರಿಸಿದ್ರು. ನಾನೂ ಅದನ್ನೇ ಹೇಳ್ಕೊಂಡು ಓಡಾಡ್ತಿದ್ದೋನೆ, ಈಗ್ಲೂ ಅರ್ಧ ಹಾಗೇ ಅನ್ಸತ್ತೆ.

ಆದ್ರೆ ಕಳೆದ ಸೀಸನ್ನಲ್ಲಿ ಶಿವಮೊಗ್ಗ ಕಡೆ ಒಂದು ಅಡಿಕೆ ಸೊಸೈಟಿಗೆ ವೆಬ್ ಆಪ್ ಮಾಡ್ಕೊಡ್ತಿದ್ದೆ. ಕೆಲ್ಸ ಸಿಂಪಲ್ಲು, ಸದಸ್ಯರು ಚೀಲ ತಂದು ಹಾಕ್ತಾರೆ, ಲಾಟ್ ನಂಬರ್ ಬೀಳತ್ತೆ, ಜಾತಿ ಬರೀತಾರೆ, ಟೆಂಡರ್ ಆದ್ಮೇಲೆ ರೇಟು ಕೂರತ್ತೆ, ಬಿಲ್ ಆಗತ್ತೆ. ಜಾತಿ ಅಂದ್ರೆ ಮಂಡಿಯವರಿಗೆಲ್ಲ ಗೊತ್ತಿರೋ ಅದೇ ನಾಲ್ಕು: ಸರಕು, ಬೆಟ್ಟೆ, ರಾಶಿ, ಗೊರಬಲು. ರಾಶಿ ಹೆಸರಿಗೆ ತಕ್ಕ ಹಾಗೆ ರಾಶಿ ರಾಶಿ ಬರತ್ತೆ, ಸರಕು ಬರೋದು ಕಮ್ಮಿ ಆದ್ರೆ ರೇಟು ಎಲ್ಲದಕ್ಕಿಂತ ಮೇಲೆ, ಗೊರಬಲಿಗೆ ಎಲ್ಲದಕ್ಕಿಂತ ಕೆಳಗೆ. ಇದನ್ನೆಲ್ಲ ನೀಟಾಗಿ ಟೇಬಲ್ ಮಾಡಿ ಕೊಟ್ಟಿದ್ದೆ, ಮ್ಯಾನೇಜರು ನೋಡಿ, ಟೇಬಲ್ಲು ಆಡಿಟರಿಗೆ ಸರಿ ಮಾರಾಯ್ರೆ, ನಮ್ ಡೈರೆಕ್ಟ್ರುಗಳು ಒಬ್ರೂ ಓದಲ್ಲ, ಬಜೆಟ್ ಮಾರನೇ ದಿನ ಪೇಪರಲ್ಲಿ ರೂಪಾಯಿ ಹೆಂಗೆ ಬಂತು ಹೆಂಗೆ ಹೋಯ್ತು ಅಂತ ರೌಂಡಾಗಿ ಬಣ್ಣದ್ದು ಹಾಕಿರ್ತಾರಲ್ಲ, ಅಂಥದ್ದು ಬೇಕು, ಮುಟ್ಟಿದ್ರೆ ಡೀಟೇಲ್ಸ್ ಬರ್ಬೇಕು ಅಂದ್ರು.

ಬಾರ್ ಬಗ್ಗೆ ನನ್ ಪಾಠ ಶುರು ಮಾಡ್ಬೇಕು ಅಂತಿದ್ದೆ, ಆದ್ರೆ ಅವ್ರು ಕೇಳ್ತಿದ್ದ ಪ್ರಶ್ನೆ ನಿಜಕ್ಕೂ ಪೈ ಪ್ರಶ್ನೆನೇ, ಬಂದ ಒಟ್ಟು ಅಡಿಕೇಲಿ ಯಾವುದರ ಪಾಲು ಎಷ್ಟು. 1801ರಲ್ಲಿ ವಿಲಿಯಂ ಪ್ಲೇಫೇರ್ ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯುರೋಪ್, ಆಫ್ರಿಕಾದಲ್ಲಿ ಎಷ್ಟೆಷ್ಟು ಹಂಚಿಕೊಂಡಿದೆ ಅಂತ ಮೊದಲ ಪೈ ಬಿಡಿಸಿದಾಗ್ಲೂ ಅವನ ಮುಂದೆ ಇದ್ದದ್ದು ಇದೇ ತರದ ಪ್ರಶ್ನೆ. ತುಂಡು ಬೇರೆ ನಾಲ್ಕೇ. ಸರಿ ಹಾಕ್ತೀನಿ ಅಂದೆ.

ಲೈಬ್ರರಿ, ಅಂದ್ರೆ ಚಾರ್ಟ್ ಬಿಡಿಸಕ್ಕೆ ಬೇರೆಯವ್ರು ಬರೆದಿಟ್ಟಿರೋ ರೆಡಿಮೇಡ್ ಕೋಡು, ಅದ್ರ ವಿಷ್ಯದಲ್ಲಿ ಹೆಚ್ಚು ತಲೆ ಕೆಡಿಸ್ಕೊಳ್ಳಲಿಲ್ಲ. ಡಿ3 ತಗೊಂಡ್ರೆ ಏನ್ ಬೇಕಾದ್ರೂ ಬಿಡಿಸ್ಬಹುದು ಆದ್ರೆ ಎಲ್ಲ ನಾವೇ ಬಿಡಿಸ್ಬೇಕು, ಚಾರ್ಟ್.ಜೆಎಸ್ ಆದ್ರೆ ಡೇಟಾ ಕೊಟ್ರೆ ಆಯ್ತು. ಮೂರನೇ ವರ್ಶನ್ ಆದ್ಮೇಲೆ ಅದ್ರಲ್ಲಿ ಬೇಕಾದ ಭಾಗ ಮಾತ್ರ ಎತ್ಕೊಳ್ಬಹುದು, ಆರ್ಕು (ಪೈ ತುಂಡು), ಟೂಲ್‌ಟಿಪ್ಪು (ತುಂಡಿನ ಮೇಲೆ ಏಳೋ ವಿವರದ ಡಬ್ಬಿ), ಲೆಜೆಂಡು (ಯಾವ ಬಣ್ಣ ಯಾವುದು ಅನ್ನೋ ಪಟ್ಟಿ) ಅಂತ ಒಂದೊಂದನ್ನೇ ರಿಜಿಸ್ಟರ್ ಮಾಡ್ಬೇಕು, ಆರ್ಕು ಮರೆತ್ರೆ ಎರರ್ ಕೊಟ್ಟು ಕೂರತ್ತೆ, ಉಳಿದೆರಡು ಮರೆತ್ರೆ ಅವು ಸುಮ್ನೆ ಕಾಣಲ್ಲ, ಅಷ್ಟೇ. ಚಾರ್ಟ್ ಬಂತು. ಇಂಟರಾಕ್ಟಿವ್ ಅನ್ನೋ ಪದ ಬಂದ್ಮೇಲೆ ನಿಜವಾದ ಕೆಲ್ಸ ಶುರು.

ಲ್ಯಾಪ್‌ಟಾಪಲ್ಲಿ ಮೌಸ್ ಇಟ್ರೆ ತುಂಡು ಸ್ವಲ್ಪ ಹೊರಗೆ ಬಂದು ಟೂಲ್‌ಟಿಪ್ ತೋರಿಸತ್ತೆ, ಚೆನ್ನಾಗಿದೆ, ಆದ್ರೆ ಸೊಸೈಟೀಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತೋರು ಯಾರು, ಎಲ್ಲ ಫೋನು. ಫೋನಲ್ಲಿ ಹೋವರ್, ಅಂದ್ರೆ ಒತ್ತದೆ ಮೇಲೆ ಸುಮ್ನೆ ತೋರಿಸೋದು, ಅನ್ನೋದೇ ಇಲ್ಲ, ಬೆರಳಿಟ್ರೆ ಟೂಲ್‌ಟಿಪ್ ಬೆರಳಿನ ಕೆಳಗೇ ಬರತ್ತೆ, ಸರಕಿನ ತುಂಡಂತೂ ಎಳೆ ತರ, ಮುಟ್ಟಕ್ಕೆ ಹೋದ್ರೆ ಪಕ್ಕದ ಬೆಟ್ಟೆ ಒತ್ತತ್ತೆ. ಕೊನೆಗೆ ಟೂಲ್‌ಟಿಪ್ ಆಸೆ ಬಿಟ್ಟು, ತುಂಡು ಒತ್ತಿದ್ರೆ ಚಾರ್ಟಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಜಾತಿ, ಕ್ವಿಂಟಾಲು, ರೂಪಾಯಿ ಬರೋ ಹಾಗೆ, ಅದರ ಪಕ್ಕ ಲಾಟ್ ನೋಡಿ ಅಂತ ಒಂದು ಬಟನ್. ಲೆಜೆಂಡನ್ನೂ ಕ್ಯಾನ್ವಾಸ್ (ಚಾರ್ಟ್.ಜೆಎಸ್ ಚಿತ್ರ ಬಿಡಿಸೋ ಹಲಗೆ) ಒಳಗಿಂದ ತೆಗೆದು ವೆಬ್ ಪೇಜಿನ ಮಾಮೂಲಿ ಎಚ್‌ಟಿಎಂಎಲ್ ಬಟನ್ ಮಾಡ್ದೆ, ತೆಳು ತುಂಡು ಬೆರಳಿಗೆ ಸಿಗ್ದೇ ಇದ್ರೆ ಹೆಸರು ಒತ್ತಿದ್ರಾಯ್ತು. ಇದ್ರಲ್ಲಿ ಇನ್ನೊಂದು ಲಾಭ ಕನ್ನಡದ್ದು. ಕ್ಯಾನ್ವಾಸಲ್ಲಿ ಅಕ್ಷರ ಅಂದ್ರೆ ಚಿತ್ರ ಬಿಡಿಸಿದ ಹಾಗೆ, ನಮ್ ಕನ್ನಡ ಫಾಂಟು ನೆಟ್ಟಿಂದ ಬರೋದ್ರೊಳಗೆ ಅದು ಸಿಕ್ಕಿದ ಫಾಂಟಲ್ಲಿ ಬಿಡಿಸಿ ಮುಗಿಸಿರತ್ತೆ, ಆಮೇಲೆ ಫಾಂಟ್ ಬಂದ್ರೂ ತಾನಾಗಿ ತಿದ್ದಲ್ಲ, ಫಾಂಟ್ ಲೋಡ್ ಆಗೋ ತನಕ ಕಾದು ಬಿಡಿಸ್ಬೇಕು. ಎಚ್‌ಟಿಎಂಎಲ್ಲಿಗೆ ಆ ರಗಳೆ ಇಲ್ಲ.

ಪರ್ಸೆಂಟಿನ ರಗಳೆ ಬೇರೆ. ಒಂದೊಂದನ್ನೂ ರೌಂಡ್ ಮಾಡಿ ಹಾಕಿದ್ರೆ ಕೂಡಿದಾಗ ಒಂದೊಂದ್ಸಲ 99 ಬರತ್ತೆ, ನಾವು ಪ್ರೋಗ್ರಾಮರುಗಳು ಅದೇನು ರೌಂಡಿಂಗು ಬಿಡಿ ಅಂತೀವಿ, ಅಲ್ಲಿನ ಅಕೌಂಟೆಂಟ್ ಮೇಡಂ ಮಾತ್ರ ಕ್ಯಾಲ್ಕುಲೇಟರ್ ಒತ್ತಿ, ಒಂದು ಪರ್ಸೆಂಟ್ ಅಡಿಕೆ ಎಲ್ಲೋಯ್ತು ಸಾರ್, ಅದು ಸಣ್ಣ ದುಡ್ಡಲ್ಲ ಅಂದ್ರು. ನ್ಯಾಯವೇ. ಎಲ್ಲದ್ರ ಪಾಯಿಂಟ್ ಆಚೆದನ್ನ ಮೊದ್ಲು ಕತ್ತರಿಸಿ, ಉಳಿದ ಒಂದೋ ಎರಡೋ ಪರ್ಸೆಂಟನ್ನ ಯಾರ್ದು ಜಾಸ್ತಿ ಕತ್ತರಿಸಿತ್ತೋ ಅವ್ರಿಗೆ ಹಂಚಿದೆ, ಆಮೇಲೆ ಯಾವಾಗ್ಲೂ 100. ರೂಪಾಯಿಗೂ ಇಂಡಿಯನ್ ಲೊಕೇಲ್ (ಅಂಕಿ ಬರೆಯೋ ನಮ್ ದೇಶದ ಪದ್ಧತಿ) ಕೊಟ್ಟು 12,34,567 ಅಂತ ಕಾಮ ಲಕ್ಷದ ಜಾಗದಲ್ಲಿ ಬೀಳೋ ಹಾಗೆ ಮಾಡ್ದೆ, ಮಿಲಿಯನ್ ಕಾಮ ಹಾಕಿದ್ರೆ ಅಲ್ಲಿ ಯಾರೂ ಅದನ್ನ ಒಂದೇ ನೋಟಕ್ಕೆ ಓದಲ್ಲ.

ಇನ್ನು ತೂಕ-ಹಣ ಬಟನ್ನು. ಅದೇ ಪೈಯನ್ನ ಕ್ವಿಂಟಾಲಿನ ಲೆಕ್ಕದಲ್ಲೂ ನೋಡ್ಬಹುದು, ರೂಪಾಯಿ ಲೆಕ್ಕದಲ್ಲೂ ನೋಡ್ಬಹುದು. ಮೊದ್ಲು ಬಟನ್ ಒತ್ತಿದಾಗ ಹಳೇ ಚಾರ್ಟನ್ನ ಡಿಸ್ಟ್ರಾಯ್ ಮಾಡಿ ಹೊಸದು ಕಟ್ತಿದ್ದೆ, ಯಾಕಂದ್ರೆ ಡಿಸ್ಟ್ರಾಯ್ ಮಾಡದೇನೇ ಅದೇ ಕ್ಯಾನ್ವಾಸಿಗೆ ಇನ್ನೊಂದು ಚಾರ್ಟ್ ಹಾಕಕ್ಕೆ ಹೋದ್ರೆ ಕ್ಯಾನ್ವಾಸ್ ಬಳಕೆಯಲ್ಲಿದೆ ಅಂತ ಬೈಯತ್ತೆ. ಕೆಲ್ಸ ನಡೀತಿತ್ತು, ಆದ್ರೆ ಪ್ರತೀ ಸಲ ಇಡೀ ಚಕ್ರ ಸೊನ್ನೆಯಿಂದ ಗಿರ್ ಅಂತ ಬಿಚ್ಕೊಳ್ಳೋದು ಬರೀ ಶೋಕಿ, ಏನು ಬದಲಾಯ್ತು ಅಂತ ಗೊತ್ತಾಗಲ್ಲ. ಅದನ್ನ ತೆಗೆದು, ಒಳಗಿನ ಡೇಟಾ ಮಾತ್ರ ಬದಲಿಸಿ ಅಪ್‌ಡೇಟ್ ಕರೆದೆ. ಹಂಗೆ ಮಾಡಿದ್ರೆ ತುಂಡುಗಳು ಇದ್ದಲ್ಲಿಂದಲೇ ನಿಧಾನಕ್ಕೆ ಹಿಗ್ತವೆ, ಕುಗ್ತವೆ. ತುಂಡಿನ ಸಾಲು, ಬಣ್ಣ ಎರಡೂ ಕಡೆ ಒಂದೇ ಇರ್ಬೇಕು, ದೊಡ್ಡದು ಮೊದ್ಲು ಅಂತ ಸಾರ್ಟ್ ಮಾಡಕ್ಕೆ ಹೋದ್ರೆ ಜಾಗ ಅದಲುಬದಲಾಗಿ ಕಣ್ಣು ತಪ್ಪತ್ತೆ.

ಬೋರ್ಡ್ ಮೀಟಿಂಗ್ ದಿನ ಹಾಲಲ್ಲಿದ್ದ ಟಿವಿಗೆ ವೈರ್ ಹಾಕಿ ತೋರಿಸ್ದೆ. ಮಂಡಕ್ಕಿ, ಕಾಫಿ ನಡೀತಿತ್ತು, ಅರ್ಧ ಜನ ಟಿವಿ ಕಡೆ ನೋಡ್ತಾನೂ ಇರಲಿಲ್ಲ. ಹಿಂದಿನ ಟೆಂಡರಿನ ಡೇಟಾ ತೆಗೆದು ತೂಕ ತೋರಿಸಿ ಹಣ ಒತ್ತಿದೆ, ರಾಶಿ ಸ್ವಲ್ಪ ಸರೀತು, ಸರಕು ಕೊಂಚ ಹಿಗ್ತು, ಎಲ್ರೂ ಹೂಂ ಹೂಂ ಅಂದ್ರು. ಹಿಂದೆ ಕೂತಿದ್ದ ಒಬ್ರು ವಯಸ್ಸಾದ ಡೈರೆಕ್ಟ್ರು, ಜೀವಮಾನ ಪೂರ್ತಿ ಅಡಿಕೇಲೇ ಕಳೆದೋರು, ಕಾಫಿ ಲೋಟ ಕೆಳಗಿಟ್ಟು, ತಮ್ಮಾ ಇನ್ನೊಂದ್ಸಲ ಒತ್ತು ಅಂದ್ರು. ಒತ್ತಿದೆ. ವಾಪಸ್ ತೂಕಕ್ಕೆ ತಾ ಅಂದ್ರು. ತಂದೆ.

"ಗೊರಬಲು ಯಾಕೆ ದಪ್ಪ ಆಗ್ತದೆ ಮಾರಾಯ? ಅದು ಸಣ್ಣ ಆಗ್ಬೇಕಲ್ಲ."

ನೋಡಿದ್ರೆ ಹೌದು, ತೂಕದಲ್ಲಿ ಶೇ 6 ಇದ್ದ ಗೊರಬಲು ಹಣದಲ್ಲಿ ಶೇ 7 ಆಗಿತ್ತು. ಎಲ್ಲಕ್ಕಿಂತ ಕಮ್ಮಿ ರೇಟಿನ ಮಾಲು ಹಣದ ಲೆಕ್ಕದಲ್ಲಿ ಹಿಗ್ಗೋದು ಸಾಧ್ಯನೇ ಇಲ್ಲ. ತುಂಡು ಒತ್ತಿ ಲಾಟ್ ಪಟ್ಟಿ ತೆಗೆದ್ರೆ, ಸಾಲಾಗಿ ಗೊರಬಲು ರೇಟು, ಮಧ್ಯದಲ್ಲಿ ಎರಡು ಲಾಟಿಗೆ ಸರಕಿನ ರೇಟು. ಟೆಂಡರಲ್ಲಿ ಹೋಗಿರೋದು ಸರಕೇ, ಸದಸ್ಯರಿಗೆ ದುಡ್ಡೂ ಸರಿಯಾಗೇ ಸೇರಿದೆ, ಜಾತಿ ಕಾಲಮ್ಮಲ್ಲಿ ಮಾತ್ರ ಗೊರಬಲು ಕೂತಿದೆ. ಹೆಂಗೆ ಅಂದ್ರೆ, ಎಂಟ್ರಿ ಫಾರಮ್ಮಿನ ಡ್ರಾಪ್‌ಡೌನ್ ಅಕಾರಾದಿ ಪ್ರಕಾರ ಇತ್ತು, ಗ ಮೊದ್ಲು ಬರತ್ತೆ, ರಶ್ ಇದ್ದಾಗ ಹುಡುಗ್ರು ಜಾತಿ ಆರಿಸೋದು ಬಿಟ್ಟು ಸೇವ್ ಒತ್ತಿದ್ರೆ ತಾನಾಗೇ ಗೊರಬಲು. ಅಲ್ಲೇ ಕೂತು ಮೊದಲ ಸಾಲಿಗೆ ಜಾತಿ ಆರಿಸಿ ಅಂತ ಖಾಲಿ ಆಯ್ಕೆ ಹಾಕ್ದೆ, ಆರಿಸದೆ ಸೇವ್ ಆಗಲ್ಲ. ಆವತ್ತಿನ ಆ ಜಾತಿಯ ಬೇರೆ ಲಾಟುಗಳಿಗಿಂತ ರೇಟು ತೀರಾ ಆಚೆ ಹೋದ್ರೆ ಹಳದಿ ವಾರ್ನಿಂಗ್ ಬರೋದನ್ನ ಆಮೇಲೆ ಸೇರಿಸ್ದೆ.

ಆ ಎರಡು ಸಾಲು ಟೇಬಲ್ಲಲ್ಲಿ ಮೊದ್ಲಿಂದ್ಲೂ ಇತ್ತು, ಎಲ್ರ ಕಣ್ಮುಂದೆ. ಬಾರ್ ಹಾಕಿದ್ರೂ ಕಾಣ್ತಿತ್ತೇನೋ, ನಾನು ಪೈ ಪರ ವಕಾಲತ್ತು ಮಾಡ್ತಿಲ್ಲ, ಎರಡು ಪೈಯನ್ನ ಅಕ್ಕಪಕ್ಕ ಸುಮ್ನೆ ಇಟ್ಟಿದ್ರೆ 6ಕ್ಕೂ 7ಕ್ಕೂ ಯಾರಿಗೂ ವ್ಯತ್ಯಾಸ ತಿಳೀತಿರಲಿಲ್ಲ. ಕಣ್ಣೆದುರಿಗೆ ಅದು ಹಿಗ್ಗಿದ್ದಕ್ಕೆ, ಹಿಗ್ಗಬಾರದ್ದು ಅಂತ ಗೊತ್ತಿರೋರು ಎದುರಿಗೆ ಕೂತಿದ್ದಕ್ಕೆ ಸಿಕ್ತು.

ಆಮೇಲೆ ಸದಸ್ಯರ ಪಟ್ಟೀಲೂ ಒಬ್ಬೊಬ್ಬರ ಹೆಸರಿನ ಪಕ್ಕ ಪುಟ್ಟ ಪೈ ಬೇಕು ಅಂದ್ರು. ಅಷ್ಟೊಂದು ಕ್ಯಾನ್ವಾಸ್ ಯಾಕೆ ಅಂತ ಎಸ್‌ವಿಜಿ ಪಾತಲ್ಲಿ, ಅಂದ್ರೆ ಗೆರೆ ಎಲ್ಲಿಂದ ಎಲ್ಲಿಗೆ ಅಂತ ಕೋಡಲ್ಲೇ ಬರೆದು, ಕೈಯಾರೆ ಬಿಡಿಸ್ದೆ, ನೋಡಿದ್ರೆ ಎಷ್ಟೋ ಜನರ ಪೈ ಖಾಲಿ. ಬರೀ ರಾಶಿ ತಂದೋರೆಲ್ಲ ಮಾಯ! ಶೇ 100 ಆದಾಗ ಕಮಾನು ಶುರುವಾಗೋ ಬಿಂದುವೂ ಮುಗಿಯೋ ಬಿಂದುವೂ ಒಂದೇ, ಹಂಗಿದ್ರೆ ಆ ಕಮಾನನ್ನ ಬಿಟ್ಟುಬಿಡು ಅಂತ ಎಸ್‌ವಿಜಿ ನಿಯಮದಲ್ಲೇ ಇದೆ. ಒಂದೇ ಜಾತಿ ಇದ್ರೆ ಪಾತ್ ಬದ್ಲು ಪೂರ್ತಿ ಸರ್ಕಲ್ ಹಾಕು ಅಂತ ಕೋಡಲ್ಲಿ ಒಂದು ಇಫ್ ಷರತ್ತು ಸೇರಿಸಿದ್ರೆ ಮುಗೀತು.

ಮ್ಯಾನೇಜರಿಗೆ ಈಗ ರುಚಿ ಹತ್ತಿದೆ. ಸರ್ವಸದಸ್ಯರ ಸಭೆಗೆ ಬ್ರಾಂಚ್‌ವಾರು ಲಾಭಾನೂ ಹಂಗೇ ರೌಂಡಲ್ಲಿ ಹಾಕ್ಕೊಡಿ ಅಂದ್ರು. ಅದ್ರಲ್ಲಿ ಒಂದು ಬ್ರಾಂಚು ಲಾಸಲ್ಲಿದೆ, ಮೈನಸ್ ಸಂಖ್ಯೆಗೆ ಪೈ ಒಳಗೆ ಜಾಗವೇ ಇಲ್ಲ, ಚಾರ್ಟ್.ಜೆಎಸ್ ಮೈನಸ್ ಚಿಹ್ನೆ ಬಿಟ್ಟು ಲೆಕ್ಕ ಹಾಕತ್ತೆ, ಅಂದ್ರೆ ಲಾಸೂ ಲಾಭದ ತರಾನೇ ದಪ್ಪ ತುಂಡಾಗಿ ಬರತ್ತೆ. ಇದಕ್ಕೆ ಬಾರೇ ಸೈ, ಲಾಸ್ ಗೆರೆಯಿಂದ ಕೆಳಗೆ ಇಳಿಯತ್ತೆ ಅಂತ ಹೇಳಿ ಬಿಡಿಸಿ ತೋರಿಸ್ದೆ. ಸ್ವಲ್ಪ ಹೊತ್ತು ಆ ಕೆಳಗಿಳಿದ ಕೆಂಪು ಬಾರನ್ನೇ ನೋಡಿ, "ಅಲ್ಲ, ರೌಂಡಲ್ಲಿ ಲಾಸೂ ಲಾಭದ ತರ ಕಾಣತ್ತೆ ಅಂದ್ರಲ್ಲ, ಅದೇ ಇರ್ಲಿ ಬಿಡಿ" ಅಂದ್ರು. ನಾನು ಬಾರನ್ನೇ ಉಳಿಸಿದ್ದೀನಿ, ಚರ್ಚೆ ಇನ್ನೂ ನಡೀತಿದೆ.