ಗುರುವಾರ ರಾತ್ರಿಯ 500 ವಿದ್ಯಾರ್ಥಿಗಳು

ಪ್ರತಿ ಗುರುವಾರ ರಾತ್ರಿ 11 ಗಂಟೆಗೆ ನಮ್ಮ ರಿಸಲ್ಟ್ ಸೈಟಿನ ಟೆಸ್ಟ್ ಸರ್ವರ್‌ಗೆ 500 ವಿದ್ಯಾರ್ಥಿಗಳು ಬರುತ್ತಾರೆ. ಯಾರೂ ನಿಜವಾದವರಲ್ಲ, ಒಟ್ಟಿಗೆ ಅಷ್ಟು ಜನ ಬಂದರೆ ಸೈಟ್ ತಡೆಯುತ್ತದಾ ಎಂದು ನೋಡಲು ಜೆಮೀಟರ್ ಎಂಬ ಸಾಫ್ಟ್‌ವೇರ್ ಕಳಿಸುವವರು. ಮೂರು ವರ್ಷದಿಂದ ಈ ಕೆಲಸ ಬಿಟ್ಟಿಲ್ಲ.

ಶುರುವಾಗಿದ್ದು ಒಂದು ಫೋನಿನಿಂದ. ಆ ವರ್ಷ ಫಲಿತಾಂಶ ಬಿಟ್ಟ ಹತ್ತೇ ನಿಮಿಷಕ್ಕೆ ಸೈಟ್ ಮಲಗಿಬಿಟ್ಟಿತು. ಮಧ್ಯಾಹ್ನ ಒಬ್ಬ ಹುಡುಗಿಯ ಅಪ್ಪ ಹೇಗೋ ನಮ್ಮ ನಂಬರ್ ಹುಡುಕಿ ಫೋನ್ ಮಾಡಿದರು. "ಮೇಡಂ, ಬೆಳಿಗ್ಗೆಯಿಂದ ಸೈಬರ್ ಸೆಂಟರಲ್ಲೇ ಕೂತಿದೀವಿ. ಮಗಳು ತಿಂಡಿ ತಿಂದಿಲ್ಲ. ಪಾಸೋ ಫೇಲೋ ಅಷ್ಟು ಹೇಳಿಬಿಡಿ ಸಾಕು." ಪಾಸಾಗಿದ್ದಳು. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಮೊದಮೊದಲು ನನ್ನ ಟೆಸ್ಟೇ ಸರಿ ಇರಲಿಲ್ಲ. 500 ಜನರೂ ಒಂದೇ ರಿಜಿಸ್ಟರ್ ನಂಬರ್ ಹಾಕುತ್ತಿದ್ದರು. ಉತ್ತರ, ಒಮ್ಮೆ ಕೊಟ್ಟದ್ದನ್ನು ಎತ್ತಿಟ್ಟುಕೊಳ್ಳುವ ಕ್ಯಾಶ್‌ನಿಂದ ಬರುತ್ತಿತ್ತು, ಡೇಟಾಬೇಸ್ ಸುಮ್ನೆ ಕೂತಿರುತ್ತಿತ್ತು. ಈಗ ನಂಬರುಗಳ ಪಟ್ಟಿ ಇರುವ ಸಿಎಸ್‌ವಿ ಫೈಲಿನಿಂದ ಒಬ್ಬೊಬ್ಬರಿಗೂ ಬೇರೆ ನಂಬರ್. ಇನ್ನೊಂದು, ಮನುಷ್ಯರು ಒಂದು ಕ್ಲಿಕ್ ಆದಮೇಲೆ ಸ್ವಲ್ಪ ನಿಲ್ಲುತ್ತಾರೆ, ಅಲ್ವಾ? ಅಂಕ ಓದುತ್ತಾರೆ, ಅಮ್ಮನಿಗೆ ತೋರಿಸುತ್ತಾರೆ. ಹತ್ತು ಸೆಕೆಂಡಿಗೊಮ್ಮೆ ಒತ್ತಿದರೆ 500 ಜನರಿಂದ ಸೆಕೆಂಡಿಗೆ 50 ರಿಕ್ವೆಸ್ಟ್. ಆ ಬಿಡುವು ಕೊಡದೆ, ಅರ್ಧ ಸೆಕೆಂಡಿಗೆ ಉತ್ತರ ಬಂದ ಕೂಡಲೇ ಮತ್ತೆ ಒತ್ತಿಸಿದರೆ ಅದು 1,000 ಆಗುತ್ತದೆ. ಹಾಗೆ ಒತ್ತುವ ಜನ ಯಾವ ಊರಲ್ಲೂ ಇಲ್ಲ.

ವರ್ಷಕ್ಕೊಮ್ಮೆ ಮಾಡಿದರೆ ಸಾಲದಾ ಎಂದು ಆಫೀಸಿನಲ್ಲಿ ಕೇಳುತ್ತಾರೆ. ಕಳೆದ ತಿಂಗಳು ನಡೆದದ್ದು ಹೇಳುತ್ತೇನೆ. ಎಂದಿನಂತೆ ಜನರನ್ನು ನಿಧಾನವಾಗಿ ಏರಿಸುತ್ತಿದ್ದೆ. 100 ಜನರವರೆಗೆ ಎಲ್ಲ ಚೆನ್ನಾಗಿತ್ತು. ಅಲ್ಲಿಂದ ಮುಂದೆ ಪುಟ ತೆರೆಯುವುದು ತಡವಾಗುತ್ತಾ ಹೋಯಿತು. ಕೊನೆಗೆ 30 ಸೆಕೆಂಡ್ ಕಾದು ಎರರ್ ಬರತೊಡಗಿತು. ಸಿಪಿಯು ನೋಡಿದರೆ ಹೆಚ್ಚುಕಡಿಮೆ ಖಾಲಿ! ಎಲ್ಲರೂ ಯಾವುದಕ್ಕೋ ಕಾಯುತ್ತಿದ್ದರು.

ಆ ವಾರ ಹೊಸದೊಂದು ಸೌಲಭ್ಯ ಸೇರಿಸಿದ್ದೆವು. ಫಲಿತಾಂಶ ತೆರೆದ ಕೂಡಲೇ ಪೋಷಕರಿಗೆ ಎಸ್ಸೆಮ್ಮೆಸ್. ಅದು ಹೋಗಿ ಬರುವ ಒಂದು ಸೆಕೆಂಡ್ ಪೂರ್ತಿ ಕೋಡ್ ಡೇಟಾಬೇಸ್ ಕನೆಕ್ಷನ್ ಹಿಡಿದುಕೊಂಡೇ ಇತ್ತು. ಈ ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚಿಕೊಡಲು ನಾವು ಬಳಸುವ ಹಿಕಾರಿ ಪೂಲ್‌ನಲ್ಲಿ, ನಾವಾಗಿ ಬದಲಿಸದಿದ್ದರೆ, ಇರುವುದು 10 ಕನೆಕ್ಷನ್. ಒಂದೊಂದೂ ಒಂದು ಸೆಕೆಂಡ್ ಹಿಡಿದರೆ ಸೆಕೆಂಡಿಗೆ 10 ಜನರಿಗಷ್ಟೇ ಉತ್ತರ. ಬೇಕಾಗಿದ್ದದ್ದು 50. ಕೋಡ್ ಬರೆದ ಹುಡುಗ ಅದನ್ನು ಶ್ರದ್ಧೆಯಿಂದಲೇ ಪರೀಕ್ಷಿಸಿದ್ದ, ಆದರೆ ಒಬ್ಬನೇ ಕೂತು. ಒಬ್ಬನಿಗೆ ಇದು ಯಾವತ್ತೂ ಕಾಣುವುದಿಲ್ಲ.

ಪೂಲ್ ದೊಡ್ಡದು ಮಾಡೋಣ ಅಂದ. ನಾನು ಬೇಡ ಅಂದೆ. ಎಸ್ಸೆಮ್ಮೆಸ್ ಕೆಲಸವನ್ನು ಬೇರೆ ಕ್ಯೂಗೆ ಹಾಕಿದೆವು, ಕನೆಕ್ಷನ್ ಬೇಗ ವಾಪಸ್ ಬಂತು. ರಾತ್ರಿ ಒಂದು ಗಂಟೆಗೆ ಮತ್ತೆ ಓಡಿಸಿದಾಗ 100ರಲ್ಲಿ 95 ರಿಕ್ವೆಸ್ಟ್‌ಗೆ 400 ಮಿಲಿಸೆಕೆಂಡ್ ಒಳಗೆ ಉತ್ತರ. ನಾನು ನೋಟ್‌ಬುಕ್‌ನಲ್ಲಿ ಬರೆದಿಡುವುದು ಈ ಲೆಕ್ಕವನ್ನೇ. ಸರಾಸರಿ ಬರೆದರೆ, ಕಾದು ಕಾದು ಸೋತವರು ಅದರೊಳಗೆ ಮುಚ್ಚಿಹೋಗುತ್ತಾರೆ.

ಈ ಸಲ ಹೊಸದಾಗಿ ಎರಡು ಕಾಲೇಜು ಸೇರಿವೆ. ನಾಳೆ ಗುರುವಾರ, 800 ಇಟ್ಟು ನೋಡುತ್ತೇನೆ.