ಮೂವರು ಮೀ ಸನ್‌ಗೆ, ಒಬ್ಬ ಬಾನಾ ಬೆಟ್ಟಕ್ಕೆ

ಹಾಸ್ಟೆಲಿನ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಕಳೆದವರಿಗೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಗೊತ್ತಿಲ್ಲದ್ದು ಏನಿರುತ್ತದೆ ಎಂದು ನಾವು ನಾಲ್ವರೂ ನಂಬಿದ್ದೆವು. ವಿಯೆಟ್ನಾಂ ತಲುಪಿದ ಮೇಲೆ ಆ ನಂಬಿಕೆ ಬೇಗನೆ ಸಡಿಲವಾಯಿತು. ನಮ್ಮಲ್ಲೊಬ್ಬರು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು, ಅಪ್ಪಟ ಸಸ್ಯಾಹಾರಿ. ಇನ್ನೊಬ್ಬ ಹುಬ್ಬಳ್ಳಿಯ ಸಿವಿಲ್ ಗುತ್ತಿಗೆದಾರ, ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಮಾತನಾಡಿಸಿದರೆ ಮುಖ ಸಿಂಡರಿಸುವವನು. ಮೂರನೆಯವನು ಬ್ಯಾಂಕಿನಲ್ಲಿದ್ದಾನೆ. ಪಟ್ಟಿಯಲ್ಲಿರುವ ಜಾಗಗಳಿಗೆಲ್ಲ ಗುರುತು ಹಾಕದೆ ಅವನಿಗೆ ನಿದ್ದೆ ಬಾರದು.

ತೊಡಕು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಶುರುವಾಯಿತು. ಮೇಷ್ಟ್ರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಊರಿನ, ಅಪ್ಪನ ಹೆಸರಿನ ಮೊದಲಕ್ಷರಗಳನ್ನೇ ಹೊತ್ತು ಬೆಳೆದ ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಟಿಕೆಟ್ ಕಾದಿರಿಸುವ ತಾಣ ಆ ಜಾಗ ತುಂಬದೆ ಮುಂದೆ ಬಿಡದ್ದರಿಂದ ಅವರ ಹೆಸರೇ ಎರಡು ಸಲ ಅಚ್ಚಾಗಿತ್ತು. ಕೌಂಟರಿನ ಹುಡುಗಿ ಪಾಸ್‌ಪೋರ್ಟ್, ಟಿಕೆಟ್, ಇ-ವೀಸಾ ಮೂರನ್ನೂ ಸಾಲಾಗಿಟ್ಟು ನೋಡಿ, ಮೇಲಿನವರನ್ನು ಕರೆದು, ಕೊನೆಗೆ ಬಿಟ್ಟಳು. ಇನಿಷಿಯಲ್ ಇರುವ ಗೆಳೆಯರೊಡನೆ ಹೊರಡುವವರು ಕಿಟಕಿ ಪಕ್ಕದ ಸೀಟಿಗೆ ಆಮೇಲೆ ಜಗಳವಾಡಲಿ. ಮೊದಲು ಪಾಸ್‌ಪೋರ್ಟಿನ ಆ ಎರಡು ಸಾಲು ನೋಡಿಕೊಳ್ಳಲಿ.

ಹನೋಯಿಯಲ್ಲಿ ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೆ ಹೋದೆವು. ಹಾಗಾಗಿ ಯಾರೂ ಯಾವುದನ್ನೂ ಸರಿಯಾಗಿ ನೋಡಲಿಲ್ಲ. 1070ರಲ್ಲಿ ಕಟ್ಟಿದ ಸಾಹಿತ್ಯ ದೇವಾಲಯದಲ್ಲಿ, ಪರೀಕ್ಷೆ ಗೆದ್ದ ವಿದ್ವಾಂಸರ ಹೆಸರು ಕೆತ್ತಿದ 82 ಶಿಲಾಫಲಕಗಳು ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಂತಿವೆ. ಮೇಷ್ಟ್ರು ಮೂರನೆಯ ಆಮೆಗೆ ಬರುವಷ್ಟರಲ್ಲಿ ಬ್ಯಾಂಕಿನವನು ಗೇಟಿನ ಬಳಿ ನಿಂತು ಗಡಿಯಾರ ನೋಡುತ್ತಿದ್ದ. ಊಟದ ಹೊತ್ತಿಗೆ ಪಾಳಿ ಬದಲಾಗುತ್ತಿತ್ತು. ಎಲ್ಲದರಲ್ಲೂ ಮೀನಿನ ಸಾಸ್ ಇರುವ ಊರಿನಲ್ಲಿ ಮೇಷ್ಟ್ರು ಮನೆಯಿಂದ ತಂದ ಚಟ್ನಿಪುಡಿ, ಅವಲಕ್ಕಿ, ಬಾಳೆಹಣ್ಣಿನ ಮೇಲೆ ದಿನ ತಳ್ಳುತ್ತಿದ್ದರು. ಅವರ ಮುಂದೆ ಬಟ್ಟಲು ತುಂಬ ಫೋ, ಅಂದರೆ ಮಾಂಸದ ಸಾರಿನ ಅಕ್ಕಿ ನೂಡಲ್ಸ್, ಹೀರಲು ಉಳಿದವರಿಗೆ ಸಂಕೋಚ.

ದುಡ್ಡಿನ ವಿಷಯದಲ್ಲಿ ಮಾತ್ರ ಜಾಣತನ ತೋರಿದ್ದೆವು. ಎಲ್ಲರೂ ಸಮಪಾಲು ಹಾಕಿ ಒಂದೇ ಚೀಲ ಮಾಡಿ, ಬ್ಯಾಂಕಿನವನನ್ನೇ ಖಜಾಂಚಿಯಾಗಿಸಿದೆವು. ಒಂದು ರೂಪಾಯಿಗೆ ಅಲ್ಲಿನ ಹಣ ಸುಮಾರು 300 ಡಾಂಗ್. 20,000ದ ನೋಟೂ ನೀಲಿ, 5,00,000ದ ನೋಟೂ ಹೆಚ್ಚುಕಡಿಮೆ ನೀಲಿಯೇ. ಎಳನೀರಿಗೆಂದು ಅವನು ಕೊಟ್ಟ ನೋಟನ್ನು ಮಾರುವಾಕೆ ತಿರುಗಿಸಿ ಅವನ ಮೂಗಿನ ಮುಂದೆ ಹಿಡಿದಳು. ಸೊನ್ನೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ತೋರಿಸಿ, ತಾನೇ ಅವನ ಚೀಲದಿಂದ ಸರಿಯಾದ ನೋಟನ್ನು ಎಳೆದುಕೊಂಡಳು. ದಿನವಿಡೀ ನೋಟು ಎಣಿಸುವವನ ಮುಖ ನೋಡಬೇಕಿತ್ತು. ಅಂದಿನಿಂದ ಎರಡು ಬಗೆಯ ನೋಟಿಗೆ ಎರಡು ಬೇರೆ ಜೇಬು.

ಹೊಯಿ ಆನ್‌ಗೆ ಬಂದಾಗ ಹುಣ್ಣಿಮೆಯ ಹಿಂದಿನ ರಾತ್ರಿ. ಪ್ರತಿ ಚಾಂದ್ರಮಾಸದ 14ನೆಯ ರಾತ್ರಿ ಅಲ್ಲಿ ಹಳೆಯ ಪೇಟೆಯ ವಿದ್ಯುತ್ ದೀಪ ಆರಿಸಿ, ರೇಷ್ಮೆಯ ಗೂಡುದೀಪ ಹಚ್ಚುತ್ತಾರೆ. ಅಷ್ಟು ಚಂದದ ಬೆಳಕಿನಲ್ಲಿ ನಾವು ಮಾಡಿದ್ದು ಜಗಳ. ಮರುದಿನ ಮೀ ಸನ್‌ನ ಶಿವಾಲಯಗಳಿಗೆ ಹೋಗಲೇಬೇಕೆಂದು ಮೇಷ್ಟ್ರು ಹಟ ಹಿಡಿದರು. ದೈತ್ಯ ಕೈಗಳೆರಡು ಎತ್ತಿ ಹಿಡಿದಂತೆ ಕಾಣುವ, 2018ರಲ್ಲಿ ತೆರೆದ ಬಾನಾ ಬೆಟ್ಟದ ಚಿನ್ನದ ಸೇತುವೆಯನ್ನು ನೋಡದೆ ಊರಿಗೆ ಮುಖ ತೋರಿಸಲಾರೆ ಎಂದ ಬ್ಯಾಂಕಿನವನು. ಗುತ್ತಿಗೆದಾರನೇ ಕಡೆಗೆ ಬಾಯಿಬಿಟ್ಟ: "ನಾವೇನು ಕಾಲಿಗೆ ಹಗ್ಗ ಕಟ್ಟಿಕೊಂಡು ಬಂದಿದ್ದೇವೆಯೇ? ಬೇಕಾದವರು ಬೇಕಾದಲ್ಲಿಗೆ ಹೋಗಿ. ರಾತ್ರಿ ಊಟಕ್ಕೆ ಸೇರೋಣ."

"ಅಂದರೆ ನನ್ನೊಬ್ಬನನ್ನೇ ಕಳುಹಿಸುತ್ತೀರಿ," ಎಂದು ಬ್ಯಾಂಕಿನವನು ಮುನಿಸಿಕೊಂಡ. ಬೆಳಿಗ್ಗೆ ಮಾತ್ರ ಎಲ್ಲರಿಗಿಂತ ಮೊದಲು ಎದ್ದು ಹೊರಟಿದ್ದ. ಹೋಟೆಲಿನ ವಿಳಾಸವಿರುವ ಚೀಟಿ ಜೇಬಿನಲ್ಲಿ, ಮೊಬೈಲಿನಲ್ಲಿ ತನ್ನದೇ ಸಿಮ್.

ಮೀ ಸನ್ ಅಲ್ಲಿಂದ ಸುಮಾರು 40 ಕಿಲೋಮೀಟರ್. ಕಾರಿನಲ್ಲಿ ನಿದ್ದೆ ಹೊಡೆಯುವ ಲೆಕ್ಕದಲ್ಲಿ ಗುತ್ತಿಗೆದಾರನೂ ನಮ್ಮೊಡನೆ ಬಂದ. ಸುತ್ತ ಬೆಟ್ಟ, ನಡುವಿನ ಕಣಿವೆಯಲ್ಲಿ, ಹಿಂದೆ ಈ ಸೀಮೆಯನ್ನು ಆಳಿದ ಚಂಪಾ ರಾಜ್ಯದ ಅರಸರು 4ನೆಯ ಶತಮಾನದಿಂದ 13ನೆಯದರವರೆಗೆ ಕಟ್ಟಿಸಿದ ಗುಡಿಗಳು. ಭದ್ರವರ್ಮನ್ ಎಂಬ ಅರಸ ಇಲ್ಲಿ ಭದ್ರೇಶ್ವರನನ್ನು ಸ್ಥಾಪಿಸಿದ. ಕಲ್ಲಿನ ಗುಡಿ ನೋಡಿ ಬೆಳೆದ ನಮ್ಮ ಕಣ್ಣಿಗೆ ಇವು ವಿಚಿತ್ರ, ಬಹುತೇಕ ಎಲ್ಲವೂ ಇಟ್ಟಿಗೆ. ಗುತ್ತಿಗೆದಾರನ ನಿದ್ದೆ ಹಾರಿದ್ದು ಅಲ್ಲೇ. ಎರಡು ಇಟ್ಟಿಗೆಗಳ ನಡುವೆ ಹೆಬ್ಬೆರಳಿನ ಉಗುರು ತೂರಿಸಲು ನೋಡಿದ. ಹೋಗಲಿಲ್ಲ. "ಗಾರೆ ಎಲ್ಲಿದೆ?" ಎಂದು ಕೇಳಿದ. ಮರದ ಅಂಟು ಬಳಸಿರಬಹುದೆಂದು ಕೆಲವರು ಹೇಳುತ್ತಾರೆ, ಎಲ್ಲರೂ ಒಪ್ಪುವುದಿಲ್ಲ ಎಂದ ಗೈಡ್. ಹಳೆಯ ಗೋಡೆ ಕೆಂಪಗೆ ಒಣಗಿ ನಿಂತಿದ್ದರೆ ದುರಸ್ತಿಯಾದ ಕಡೆ ಪಾಚಿ, ಬಿಳಿ ಉಪ್ಪು. "ಹೊಸ ಇಟ್ಟಿಗೆ ನೀರು ಹೀರಿದೆ," ಎಂದು ಅವನು ಗೋಡೆಗೆ ಕಿವಿ ಕೊಡುವವನಂತೆ ಬಾಗಿದ.

1969ರ ಆಗಸ್ಟ್‌ನಲ್ಲಿ ಅಮೆರಿಕದ ಬಾಂಬುಗಳು ಇಲ್ಲಿನ ಅತಿ ದೊಡ್ಡ ಗೋಪುರವನ್ನೇ ಕೆಡವಿದವು. ಬಾಂಬು ಬಿದ್ದ ಗುಂಡಿಗಳಲ್ಲಿ ಈಗ ಹುಲ್ಲು. ಕೆಲವು ಗುಡಿಗಳ ಜೀರ್ಣೋದ್ಧಾರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2017ರಿಂದ ಕೈಗೊಂಡಿತು. ಆ ಕೆಲಸದಲ್ಲೇ 2020ರಲ್ಲಿ 9ನೆಯ ಶತಮಾನದ ಏಕಶಿಲಾ ಶಿವಲಿಂಗವೊಂದು ಮಣ್ಣಿನಿಂದ ಎದ್ದಿತು. ಮೇಷ್ಟ್ರು ಸಂಸ್ಕೃತ ಶಾಸನವೊಂದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅಕ್ಷರ ಬಿಡಿಸುತ್ತಿದ್ದರು. ಪಲ್ಲವರ ಕಾಲದ ದಕ್ಷಿಣದ ಲಿಪಿಯ ಬಳಗದ್ದಾದ್ದರಿಂದ ಅಲ್ಲೊಂದು ಇಲ್ಲೊಂದು ಪರಿಚಿತ ಮುಖ ಸಿಗುತ್ತಿತ್ತಂತೆ. ಹೊತ್ತಾಯಿತು ಎನ್ನುವವರು ಯಾರೂ ಇರಲಿಲ್ಲ. ನನಗೆ ಮರದ ನೆರಳಿತ್ತು, ಸಾಕಾಗಿತ್ತು.

ಹುಣ್ಣಿಮೆಗೂ ಅಮಾವಾಸ್ಯೆಗೂ ಅಲ್ಲಿಯ ಬೌದ್ಧರು ಹಲವರು ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಆ ರಾತ್ರಿ ಸಸ್ಯಾಹಾರದ ಅಂಗಡಿಗಳು ಕಿಕ್ಕಿರಿದಿದ್ದವು. ಮೇಷ್ಟ್ರು ತೋಫು, ಅಣಬೆ, ಅನ್ನವನ್ನು ಎರಡೆರಡು ಸಲ ಬಡಿಸಿಕೊಂಡರು. ಬ್ಯಾಂಕಿನವನು ಬಂದಾಗ ಮುನಿಸಿನ ಸುಳಿವೇ ಇರಲಿಲ್ಲ. ಬೆಟ್ಟದ ಮೇಲೆ ಮಂಜು ಮುಸುಕಿ ಸೇತುವೆಯೇ ಕಾಣದೆ, ಕೊಯಮತ್ತೂರಿನ ಕುಟುಂಬವೊಂದರ ಜೊತೆ ಅವರ ಮುರುಕು ತಿನ್ನುತ್ತ ಕಾದು ಕುಳಿತಿದ್ದನಂತೆ. ಗುತ್ತಿಗೆದಾರ ಇಟ್ಟಿಗೆಯ ಕತೆ ತೆಗೆದ. ಒಬ್ಬರ ಮಾತು ಮುಗಿಯುವ ಮುನ್ನ ಇನ್ನೊಬ್ಬರು ಬಾಯಿ ಹಾಕುತ್ತಿದ್ದರು. ಹನೋಯಿಯಲ್ಲಿ ಊಟದ ಮೇಜಿಗೆ ಬಂದರೆ ನಾಲ್ವರೂ ಮೊಬೈಲ್ ನೋಡುತ್ತಿದ್ದೆವು.

ಲೆಕ್ಕ ಮುಗಿಸುವಾಗ ಬ್ಯಾಂಕಿನವನು ಬಾನಾದ ಟಿಕೆಟನ್ನು ತನ್ನ ಖಾತೆಗೇ ಬರೆದುಕೊಂಡ. ಜೊತೆಗೆ ಮೀ ಸನ್ ಕಾರಿನ ಬಾಡಿಗೆಯಲ್ಲಿ ತನ್ನ ಕಾಲುಪಾಲನ್ನು ಹೊಡೆದುಹಾಕಿದ. ಗುತ್ತಿಗೆದಾರ ಇದಕ್ಕೆ ಒಪ್ಪಲಿಲ್ಲ. ಕಾರು ಗೊತ್ತು ಮಾಡುವಾಗ ನಾಲ್ವರೂ ಇದ್ದೆವಲ್ಲ ಎಂಬುದು ಅವನ ತಕರಾರು. ವಿಮಾನ ಬೆಂಗಳೂರು ಮುಟ್ಟುವವರೆಗೂ ವಾದ ನಡೆಯಿತು. ಆ ಲೆಕ್ಕ ಇನ್ನೂ ಬಗೆಹರಿದಿಲ್ಲ.